ಚೀನಾಕ್ಕೆ ಹೋಗಿದ್ದ ಕೆಲಸ ವಾಪಸ್ ಬಂದಿದೆ, ಈಗ ನಾನು ಪಾಠ ಮಾಡೋಕೆ ಹೋಗಲಾ?

ಪ್ರಶ್ನೆ: ನನಗೆ 46 ವರ್ಷ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಪ್ರೆಸ್ ಟೂಲ್ (ಲೋಹದ ಶೀಟು ಕತ್ತರಿಸಿ ಬಗ್ಗಿಸುವ ಅಚ್ಚು) ಕಂಪನಿಗೆ ಸೇರಿದವನು ಅಲ್ಲೇ 23 ವರ್ಷ ಕಳೆದಿದ್ದೇನೆ. ಈಗ ಟೂಲ್ ರೂಮ್ ಇನ್‌ಚಾರ್ಜ್. ನಡುವೆ ಸಂಜೆ ಕಾಲೇಜಿನಲ್ಲಿ ಬಿಇ ಮಾಡಿಕೊಂಡೆ, ಬಂದಿದ್ದು 58 ಪರ್ಸೆಂಟ್. ಸುಮಾರು 2010ರಲ್ಲಿ ನಮ್ಮ ದೊಡ್ಡ ಗಿರಾಕಿಯೊಬ್ಬರು ಟೂಲ್‌ಗಳನ್ನು ಚೀನಾದಿಂದ ತರಿಸಲು ಶುರು ಮಾಡಿದರು. ನಮ್ಮಲ್ಲಿ ಅರ್ಧ ಜನ ಬಿಟ್ಟು ಹೋದರು. ಎರಡು ವರ್ಷದಿಂದ ಅದೇ ಗಿರಾಕಿ ಮತ್ತೆ ನಮ್ಮ ಬಾಗಿಲಿಗೆ ಬಂದಿದ್ದಾರೆ. ಮಾಲೀಕರು ಹೊಸ ವೈರ್‌ಕಟ್ ಮೆಷಿನ್ ಹಾಕಿಸಿದ್ದಾರೆ. ಆದರೆ ಹೊಸದಾಗಿ ಬರುವ ಹುಡುಗರಿಗೆ ಮೈಕ್ರೋಮೀಟರ್ ಹಿಡಿಯಲೂ ಬರುವುದಿಲ್ಲ. ಈ ನಡುವೆ ತುಮಕೂರು ಕಡೆಯ ಒಂದು ಖಾಸಗಿ ಪಾಲಿಟೆಕ್ನಿಕ್‌ನವರು ಪಾಠಕ್ಕೆ ಬನ್ನಿ ಎಂದು ಕರೆದಿದ್ದಾರೆ. ನೈಟ್ ಶಿಫ್ಟ್ ತಪ್ಪುತ್ತೆ, ಹೋಗಿ ಅಂತಾಳೆ ಹೆಂಡತಿ. ಪಿಎಚ್‌ಡಿ ಇಲ್ಲದವನನ್ನು ಕಾಲೇಜಿನಲ್ಲಿ ಯಾರೂ ಮೂಸುವುದಿಲ್ಲ ಅಂತಾರೆ ಸ್ನೇಹಿತರು. ಇನ್ನು ಹತ್ತು ವರ್ಷ ನಮ್ಮದೇ ಕಾಲ, ಈಗ ಬಿಟ್ಟರೆ ಪೆದ್ದುತನ ಅಂತಾರೆ ಮಾಲೀಕರು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನದೇ ಹಳೆಯ ಡೈರಿ ಓದಿದ ಹಾಗಾಯಿತು. ನಾನೂ ಟೂಲ್ ರೂಮಿನಲ್ಲಿ 19 ವರ್ಷ ಇದ್ದು ಆಮೇಲೆ ಪಾಠಕ್ಕೆ ಬಂದವನು. ನಿಮ್ಮದು ಒಂದೇ ಪ್ರಶ್ನೆಯ ಹಾಗೆ ಕಂಡರೂ ಒಳಗೆ ಎರಡಿವೆ. ವಾಪಸ್ ಬಂದ ಕೆಲಸ ನಿಲ್ಲುತ್ತಾ ಅನ್ನುವುದು ಒಂದು. ನನ್ನ 23 ವರ್ಷಕ್ಕೆ ಕ್ಲಾಸಿನಲ್ಲಿ ಬೆಲೆ ಇದೆಯಾ ಅನ್ನುವುದು ಇನ್ನೊಂದು. ನಿಮ್ಮ ಮಾಲೀಕರು ಮೊದಲನೆಯದಕ್ಕೆ ಉತ್ತರ ಹೇಳುತ್ತಿದ್ದಾರೆ, ಸ್ನೇಹಿತರು ಎರಡನೆಯದಕ್ಕೆ. ಇಬ್ಬರದೂ ಅರ್ಧ ಸರಿ.

ಮೊದಲು ಮಾಲೀಕರ ಮಾತು ನೋಡೋಣ. ಹೊರಗೆ ಹೋದ ಕಾರ್ಖಾನೆ ಮನೆಗೆ ಮರಳುತ್ತಿದೆ ಅನ್ನುವ ಮಾತು ಜಾಸ್ತಿ ಕೇಳಿಬರುವುದು ಅಮೆರಿಕದಿಂದ. ಅಲ್ಲಿನ ಲೆಕ್ಕ ಹೀಗಿದೆ. 1979ರಲ್ಲಿ ಅಲ್ಲಿ ಕಾರ್ಖಾನೆ ಕೆಲಸದಲ್ಲಿ ಸುಮಾರು 1 ಕೋಟಿ 95 ಲಕ್ಷ ಜನ ಇದ್ದರು. 2010ರ ಹೊತ್ತಿಗೆ ಅದು 1 ಕೋಟಿ 15 ಲಕ್ಷದ ಆಸುಪಾಸಿಗೆ ಇಳಿಯಿತು. ಇಷ್ಟೆಲ್ಲ ಗದ್ದಲ, ಸಬ್ಸಿಡಿ, ಸುಂಕ ಆದ ಮೇಲೆ 2023ರಲ್ಲಿ ಇದ್ದಿದ್ದು ಸುಮಾರು 1 ಕೋಟಿ 28 ಲಕ್ಷ. ಅಂದರೆ ಹೋದ 80 ಲಕ್ಷದಲ್ಲಿ ಮರಳಿದ್ದು ಆರನೇ ಒಂದು ಭಾಗ. ಕಟ್ಟಡ, ಮೆಷಿನ್ ಬರುತ್ತವೆ. ಜನ ಅಷ್ಟು ಸಲೀಸಾಗಿ ಬರುವುದಿಲ್ಲ, ಯಾಕೆಂದರೆ ಹೊಸ ಕಾರ್ಖಾನೆಗೆ ಮೊದಲಿನಷ್ಟು ಜನ ಬೇಕಿಲ್ಲ. ಬೇಕಾದ ಜನ ಅಲ್ಲಿ ಸಿಗುವುದೂ ಇಲ್ಲ. ತೈವಾನಿನ ಟಿಎಸ್‌ಎಂಸಿ ಕಂಪನಿ ಅರಿಜೋನಾದಲ್ಲಿ ಚಿಪ್ ಕಾರ್ಖಾನೆ ಕಟ್ಟುತ್ತಿತ್ತಲ್ಲ, 2024ರಲ್ಲಿ ಶುರುವಾಗಬೇಕಿದ್ದ ಉತ್ಪಾದನೆ 2025ಕ್ಕೆ ಹೋಗುತ್ತೆ ಎಂದು 2023ರಲ್ಲಿ ಹೇಳಿತು. ಮೆಷಿನ್ ಕೂರಿಸುವ ನುರಿತ ಕೈ ಸಾಕಷ್ಟಿಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಕೊನೆಗೆ ತೈವಾನಿನಿಂದಲೇ ಟೆಕ್ನಿಷಿಯನ್‌ಗಳನ್ನು ಕರೆಸಿದರು.

ಆಪಲ್ ಕಂಪನಿಯ ಟಿಮ್ ಕುಕ್ 2017ರಲ್ಲಿ ಚೀನಾದಲ್ಲೇ ಒಂದು ಮಾತು ಹೇಳಿದ್ದರು. ಅಮೆರಿಕದಲ್ಲಿ ಟೂಲಿಂಗ್ ಎಂಜಿನಿಯರ್‌ಗಳ ಸಭೆ ಕರೆದರೆ ಒಂದು ಕೋಣೆ ತುಂಬುತ್ತೋ ಇಲ್ಲವೋ, ಚೀನಾದಲ್ಲಿ ಕರೆದರೆ ಫುಟ್ಬಾಲ್ ಮೈದಾನಗಳೇ ತುಂಬುತ್ತವೆ ಎಂದು. ಟೂಲಿಂಗ್ ಅಂದರೆ ಯಾರು ಸ್ವಾಮಿ? ನೀವು, ನಾನು! ಕೂಲಿ ಅಗ್ಗ ಅಂತ ಚೀನಾಕ್ಕೆ ಕೆಲಸ ಹೋಯಿತು ಅನ್ನುವುದು ಹಳೆಯ ಕಥೆ. ಟೂಲ್ ಮಾಡುವ ಕೈಗಳು ಅಲ್ಲಿ ಗುಂಪಾಗಿ ಸಿಗುತ್ತವೆ ಅನ್ನುವುದು ಈಗಿನ ಕಥೆ.

ನಮ್ಮಲ್ಲಿ 'ಮರಳುವುದು' ಅನ್ನುವ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು. ಐಫೋನ್ ಇಲ್ಲಿಗೆ ಮರಳಿ ಬಂದದ್ದಲ್ಲ, ಮೊದಲ ಸಲ ಬಂದದ್ದು. ನಿಮ್ಮ ಪೀಣ್ಯದಲ್ಲೇ 2017ರಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಎಸ್‌ಇ ಜೋಡಿಸಲು ಶುರು ಮಾಡಿತು. ಆಮೇಲೆ ಕೋಲಾರದ ನರಸಾಪುರ, ಅದನ್ನು 2023ರಲ್ಲಿ ಟಾಟಾದವರು ಕೊಂಡರು. ಈಗ ದೇವನಹಳ್ಳಿ ಕಡೆ ಫಾಕ್ಸ್‌ಕಾನ್. ನಿಜವಾಗಿ ಹೋಗಿ ಬಂದಿದ್ದನ್ನು ನೋಡಬೇಕಾದರೆ ಚೆನ್ನೈ ಹತ್ತಿರದ ಶ್ರೀಪೆರಂಬದೂರಿಗೆ ಹೋಗಿ. 2006ರಲ್ಲಿ ಶುರುವಾದ ನೋಕಿಯಾ ಕಾರ್ಖಾನೆ 2014ರ ನವೆಂಬರಿನಲ್ಲಿ ಮುಚ್ಚಿತು. ಸಾವಿರಾರು ಜನ ಬೀದಿಗೆ ಬಿದ್ದರು. ವರ್ಷಗಟ್ಟಲೆ ಖಾಲಿ ಇದ್ದ ಅದೇ ಜಾಗವನ್ನು ಸಾಲ್‌ಕಾಂಪ್ ಕಂಪನಿ ಕೊಂಡು ಈಗ ಚಾರ್ಜರ್ ಮಾಡುತ್ತಿದೆ. ಕಟ್ಟಡ ಕಾಯುತ್ತೆ, ಅದಕ್ಕೆ ಸಂಸಾರ ಇಲ್ಲ. 2014ರಲ್ಲಿ ಕೆಲಸ ಹೋದ ಫಿಟ್ಟರ್ ಅಲ್ಲೇ ಗೇಟಿನ ಮುಂದೆ ಕಾಯುತ್ತಾ ಕೂರಲು ಆಗುತ್ತಾ?

ಇನ್ನೊಂದು ಮಾತು. ಆಟಿಕೆಯ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ, 2023ರಲ್ಲಿ 70ಕ್ಕೆ ಏರಿಸಿದರು. 2021ರ ಜನವರಿಯಿಂದ ಗುಣಮಟ್ಟದ ಬಿಐಎಸ್ ಗುರುತೂ ಕಡ್ಡಾಯವಾಯಿತು. ಚೀನಾ ಆಟಿಕೆ ಬರುವುದು ಕಮ್ಮಿ ಆಯಿತು. ಒಳ್ಳೆಯದೇ. ಆದರೆ ಗೋಡೆ ಕಟ್ಟಿ ನಿಲ್ಲಿಸಿದ ನೀರು ಗೋಡೆ ಇರುವಷ್ಟು ದಿನ ಮಾತ್ರ ನಿಲ್ಲುತ್ತೆ. ಮೇಕ್ ಇನ್ ಇಂಡಿಯಾ ಶುರುವಾದ 2014ರಲ್ಲಿ, 2022ರ ಹೊತ್ತಿಗೆ ಜಿಡಿಪಿಯಲ್ಲಿ ಕಾರ್ಖಾನೆಗಳ ಪಾಲು 25 ಪರ್ಸೆಂಟ್ ಆಗಬೇಕು ಎಂದು ಗುರಿ ಇಟ್ಟಿದ್ದರು. ಅದು 17ರ ಹತ್ತಿರವೇ ಓಲಾಡುತ್ತಿದೆ.

ಹಾಗಾಗಿ ನಿಮ್ಮ ಮಾಲೀಕರ 'ಹತ್ತು ವರ್ಷ ನಮ್ಮದೇ ಕಾಲ' ಅನ್ನುವುದನ್ನು ಬ್ಯಾಂಕಿನ ಎಫ್‌ಡಿ ಥರ ನಂಬಬೇಡಿ. ಸುಂಕ, ಡಾಲರ್ ರೇಟು, ಆ ಗಿರಾಕಿಯ ಮೂಡು, ಯಾವುದು ಬದಲಾದರೂ ಹೊಸ ಟೂಲಿನ ಆರ್ಡರ್ ಮತ್ತೆ ಹಡಗು ಹತ್ತಬಹುದು. ಹಡಗು ಹತ್ತಲಾಗದ್ದು ಒಂದಿದೆ, ರಿಪೇರಿ. ರಾತ್ರಿ ಎರಡು ಗಂಟೆಗೆ ಶೀಟಿನಲ್ಲಿ ತೂತು ಹೊಡೆಯುವ ಪಂಚ್ ಮುರಿದರೆ ಚೀನಾದ ಶೆನ್‌ಜೆನ್‌ಗೆ ಫೋನ್ ಮಾಡಿ ಏನು ಪ್ರಯೋಜನ? ಟೂಲ್ ಎಲ್ಲಿಂದಲಾದರೂ ಬರಲಿ, ಅದನ್ನು ಬಿಚ್ಚಿ ನೋಡಿ ಕಾರಣ ಹೇಳುವವನು ಪ್ರೆಸ್ಸಿನ ಪಕ್ಕದಲ್ಲೇ ಇರಬೇಕು. ಈ ಕೆಲಸ ಪಾಠಕ್ಕೂ ಬೇಕಾಗುತ್ತೆ, ಆ ಮಾತಿಗೆ ಆಮೇಲೆ ಬರುತ್ತೇನೆ.

ಹುಡುಗರಿಗೆ ಮೈಕ್ರೋಮೀಟರ್ ಹಿಡಿಯಲು ಬರಲ್ಲ ಅಂದಿರಿ. ಅವರನ್ನು ಬೈದು ಫಲವಿಲ್ಲ. ಪೀಣ್ಯ ಬೆಳೆದದ್ದು ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಎನ್‌ಜಿಇಎಫ್ ಥರದ ದೊಡ್ಡ ಕಾರ್ಖಾನೆಗಳ ಸುತ್ತ. ಆ ಕಾರ್ಖಾನೆಗಳ ಅಪ್ರೆಂಟಿಸ್ ಶಾಲೆಯಲ್ಲಿ ಫೈಲಿಂಗ್ ಮಾಡಿ ಮಾಡಿ ಕೈಗೆ ಗುಳ್ಳೆ ಎದ್ದವರೇ ಹೊರಗೆ ಬಂದು ಸಣ್ಣ ಶೆಡ್ ಹಾಕಿದರು. ದೊಡ್ಡವು ಸೊರಗಿದವು, ಕೆಲವು ಮುಚ್ಚಿದವು, ಶಾಲೆಗಳೂ ಕುಗ್ಗಿದವು. ಆರ್ಡರ್ ಇಲ್ಲದ ವರ್ಷಗಳಲ್ಲಿ ನಿಮ್ಮಂಥ ಕಂಪನಿಗಳು ಮೊದಲು ನಿಲ್ಲಿಸಿದ್ದು ಹೊಸ ಹುಡುಗರನ್ನು ಸೇರಿಸಿಕೊಳ್ಳುವುದನ್ನು. ನಿಮ್ಮ ಟೂಲ್ ರೂಮಿನಲ್ಲೇ ಎಣಿಸಿ ನೋಡಿ. ನಿಮ್ಮ ವಯಸ್ಸಿನವರು ಇದ್ದಾರೆ, ಇಪ್ಪತ್ತರ ಹುಡುಗರು ಇದ್ದಾರೆ. ಮೂವತ್ತು-ಮೂವತ್ತೈದರವರು ಎಷ್ಟು ಜನ? ಹುಡುಗನ ಪಕ್ಕ ನಿಂತು 'ಹಾಗಲ್ಲ, ಹೀಗೆ' ಅನ್ನಬೇಕಾದವನು ಆ ವಯಸ್ಸಿನವನು. ಅವನೇ ಇಲ್ಲ.

ಕಾಲೇಜಿನ ಕಡೆಯಿಂದಲೂ ಅದೇ ತೂತು. ಬಿಇ ಆದ ತಕ್ಷಣ ಎಂ.ಟೆಕ್, ಎಂ.ಟೆಕ್ ಆದ ತಕ್ಷಣ ಮೇಷ್ಟ್ರು. ಅವರದು ತಪ್ಪಲ್ಲ. ನೇಮಕದ ನಿಯಮ ಮೊದಲು ಕೇಳುವುದೇ ಡಿಗ್ರಿ ಮತ್ತು ಕ್ಲಾಸನ್ನು. ಅವರಲ್ಲಿ ಎಷ್ಟೋ ಜನ ನನಗಿಂತ ಚೆನ್ನಾಗಿ ಪಾಠ ಮಾಡುತ್ತಾರೆ. ಇದನ್ನು ನಾನು ಸೋತು ಕಲಿತದ್ದು.

ನನ್ನ ಮೊದಲ ಸೆಮಿಸ್ಟರ್ ಹೇಗಿತ್ತು ಗೊತ್ತಾ? ಕಥೆಗಳು. ಯಾವ ಕಂಪನಿಯಲ್ಲಿ ಯಾವ ಟೂಲ್ ಹೇಗೆ ಸಿಡಿಯಿತು, ಯಾವ ಜಪಾನಿ ಬಂದು ಏನೆಂದ, ಎಲ್ಲ. ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಗೆದ್ದೆ ಅಂದುಕೊಂಡೆ. ಮೊದಲ ಟೆಸ್ಟಿನಲ್ಲಿ ಕಟಿಂಗ್ ಫೋರ್ಸ್ ಲೆಕ್ಕ ಕೊಟ್ಟರೆ 60 ಜನರಲ್ಲಿ 9 ಜನ ಮಾಡಿದ್ದರು. ಪಕ್ಕದ ಸೆಕ್ಷನ್‌ಗೆ ಪಾಠ ಮಾಡುತ್ತಿದ್ದ ಹುಡುಗಿ, ಶಾಪ್ ಫ್ಲೋರ್ ಒಮ್ಮೆಯೂ ನೋಡದವಳು, ಅವಳ ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಾಡಿದ್ದರು. ಪ್ರೆಸ್ಸಿನ ಸದ್ದು ಕೇಳಿಯೇ ಪಂಚ್ ಮೊಂಡಾಗಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಹೇಗೆ ಗೊತ್ತಾಗುತ್ತೆ ಸಾರ್ ಅಂತ ಒಬ್ಬ ಕೇಳಿದ. ನನಗೆ ಹೇಳಲು ಬರಲಿಲ್ಲ. 'ಅನುಭವ ಕಣಯ್ಯ' ಅಂದೆ. ಅದು ಉತ್ತರ ಅಲ್ಲ, ತಪ್ಪಿಸಿಕೊಳ್ಳುವುದು.

ಮುಂದಿನ ಸೆಮಿಸ್ಟರ್‌ಗೆ ಬಾಯಿ ಕಮ್ಮಿ ಮಾಡಿ ಚೀಲ ಹಿಡಿದುಕೊಂಡು ಹೋದೆ. ಚೀಲದಲ್ಲಿ ರಿಜೆಕ್ಟ್ ಆದ ಪೀಸ್‌ಗಳು, ಹಳೆಯ ಗೆಳೆಯರ ಶೆಡ್ಡಿನಿಂದ ಕೇಳಿ ತಂದದ್ದು. 1 ಮಿಲಿಮೀಟರ್ ದಪ್ಪದ ಮೈಲ್ಡ್ ಸ್ಟೀಲ್ ಬ್ರಾಕೆಟ್, ನಡುವೆ ಒಂದು ದುಂಡನೆಯ ತೂತು. ತೂತಿನ ಅಂಚಿನಲ್ಲಿ ಬರ್, ಅಂದರೆ ಚುಚ್ಚುವ ಒರಟು ಏಣು, ಎದ್ದಿದೆ. ಕಾರಣ ಹೇಳಿ, ಪರಿಹಾರ ಹೇಳಿ, ಅಷ್ಟೇ ಪ್ರಶ್ನೆ. ಎಲ್ಲರೂ ಒಂದೇ ಉತ್ತರ ಬರೆದರು: ಪಂಚ್ ಮೊಂಡಾಗಿದೆ, ಗ್ರೈಂಡ್ ಮಾಡಬೇಕು. ಪುಸ್ತಕದಲ್ಲೂ ಹಾಗೇ ಇದೆ. ಒಬ್ಬ ಹುಡುಗಿ ಮಾತ್ರ ಬರೆಯದೆ ತೂತಿನ ಸುತ್ತ ಉಗುರು ಆಡಿಸುತ್ತಾ ಕೂತಿದ್ದಳು. 'ಸಾರ್, ಒಂದೇ ಕಡೆ ಚುಚ್ಚುತ್ತೆ' ಅಂದಳು.

ಅಲ್ಲಿಂದ ಪಾಠ ಶುರು. ಮೊಂಡು ಪಂಚ್ ಆಗಿದ್ದರೆ ಸುತ್ತಲೂ ಬರ್ ಏಳಬೇಕು. ಒಂದೇ ಕಡೆ ಎದ್ದಿದ್ದರೆ ಪಂಚ್ ಡೈಯ (ಪಂಚ್ ಇಳಿಯುವ ಕೆಳಗಿನ ತೂತಿನ ಅಚ್ಚು) ನಡುವಿನಲ್ಲಿ ಇಳಿಯುತ್ತಿಲ್ಲ. ಈ ಶೀಟಿಗೆ ಪಂಚ್‌ಗೂ ಡೈಗೂ ನಡುವೆ ಒಂದೊಂದು ಬದಿ ಶೀಟಿನ ದಪ್ಪದ ಸುಮಾರು 5 ಪರ್ಸೆಂಟ್, ಅಂದರೆ 0.05 ಮಿಲಿಮೀಟರ್ ಸಂದು ಬೇಕು. ಪಂಚ್ 0.03 ಪಕ್ಕಕ್ಕೆ ಸರಿದರೆ ಒಂದು ಬದಿ 0.08, ಇನ್ನೊಂದು ಬದಿ 0.02. ಸಂದು ಜಾಸ್ತಿ ಇರುವ ಕಡೆ ಲೋಹ ಕತ್ತರಿಸುವ ಬದಲು ಎಳೆದು ಹರಿಯುತ್ತೆ, ಅಲ್ಲಿ ಬರ್. ಸಂದು ಬಿಗಿ ಇರುವ ಕಡೆ ಅಂಚಿನಲ್ಲಿ ಹೊಳೆಯುವ ಪಟ್ಟಿ ಅಗಲ ಆಗುತ್ತೆ, ಭೂತಗನ್ನಡಿ ಹಿಡಿದರೆ ಕಾಣುತ್ತೆ. ಹಾಗಾದರೆ ಸರಿದದ್ದು ಯಾಕೆ? ಪಂಚ್ ನೇರ ಇಳಿಯುವಂತೆ ಹಿಡಿಯುವ ಗೈಡ್ ಪಿಲ್ಲರ್ ಬುಷ್ ಸವೆದಿರಬಹುದು, ಪಂಚ್ ಪ್ಲೇಟನ್ನು ಜಾಗದಲ್ಲಿ ಕೂರಿಸುವ ಡವೆಲ್ ಪಿನ್ ಸಡಿಲವಾಗಿರಬಹುದು, ಡೈ ಸೆಟ್ ಮಾಡುವಾಗ ಅಡಿಯಲ್ಲಿ ಲೋಹದ ಒಂದು ಚೂರು ಸಿಕ್ಕಿರಬಹುದು. ಪುಸ್ತಕದ ಉತ್ತರ ನಂಬಿ ಪಂಚ್ ಬಿಚ್ಚಿ ಗ್ರೈಂಡ್ ಮಾಡಿಸಿದರೆ ಅರ್ಧ ಶಿಫ್ಟ್ ಹೋಯಿತು. ಮತ್ತೆ ಜೋಡಿಸಿ ಹೊಡೆದರೆ ಅದೇ ಬರ್, ಅದೇ ಜಾಗದಲ್ಲಿ.

ಅವತ್ತು ಯಾರೂ ಬೆಲ್ ಆದರೂ ಏಳಲಿಲ್ಲ. 5 ಪರ್ಸೆಂಟ್ ಅನ್ನುವುದನ್ನು ಆ ಬ್ಯಾಚಿನವರು ಮರೆತಿರಲಿಕ್ಕಿಲ್ಲ. ನನ್ನ ಅನುಭವಕ್ಕೆ ಬೆಲೆ ಬಂದದ್ದು ಅದನ್ನು ಕಥೆಯಾಗಿ ಹೇಳಿದಾಗ ಅಲ್ಲ, ಹುಡುಗರ ಕೈಯಲ್ಲಿ ಒಂದು ಕೆಟ್ಟ ಪೀಸ್ ಆಗಿ ಇಟ್ಟಾಗ. ನಿಮ್ಮ 23 ವರ್ಷದ ಬೆಲೆಯನ್ನೂ ಹೀಗೇ ಅಳೆದು ನೋಡಿ. ಇಂಥ ಎಷ್ಟು ಪೀಸ್‌ಗಳ ಕಾರಣವನ್ನು ನೀವು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಹೇಳಬಲ್ಲಿರಿ? ಮೂವತ್ತು ಇದ್ದರೆ ಒಂದು ಸೆಮಿಸ್ಟರ್ ಆಯಿತು.

ಇನ್ನು ಸ್ನೇಹಿತರ ಪಿಎಚ್‌ಡಿ ಮಾತು. ಪಾಲಿಟೆಕ್ನಿಕ್ ಲೆಕ್ಚರರ್ ಕೆಲಸಕ್ಕೆ ಪಿಎಚ್‌ಡಿ ಬೇಡವೇ ಬೇಡ. ತಾಂತ್ರಿಕ ಶಿಕ್ಷಣಕ್ಕೆ ನಿಯಮ ಮಾಡುವ ಎಐಸಿಟಿಇ ಕೇಳುವುದು ಫಸ್ಟ್ ಕ್ಲಾಸ್ ಬಿಇ. ನಿಮಗೆ ತೊಡಕು ಅಲ್ಲಿದೆ, 58 ಪರ್ಸೆಂಟ್. ಎಂ.ಟೆಕ್ ಮಾಡಿದವರಿಗೆ ಬಿಇ ಅಥವಾ ಎಂ.ಟೆಕ್, ಎರಡರಲ್ಲಿ ಒಂದರಲ್ಲಿ ಫಸ್ಟ್ ಕ್ಲಾಸ್ ಇದ್ದರೆ ಸಾಕು. ಕೆಲಸ ಮಾಡುತ್ತಲೇ ಎಂ.ಟೆಕ್ ಮಾಡುವ ದಾರಿ ಇದೆ. ಆದರೆ ಅಂಚೆ ಮೂಲಕ ಎಂಜಿನಿಯರಿಂಗ್ ಡಿಗ್ರಿ ಕೊಡಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ತಾಂತ್ರಿಕ ಶಿಕ್ಷಣ ಅಂಚೆ ತೆರಪಿನಲ್ಲಿ ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಹಾಗಾಗಿ ನಿಮ್ಮನ್ನು ಕರೆದವರು ಯಾವ ಹುದ್ದೆಗೆ ಕರೆದಿದ್ದಾರೆ ಅನ್ನುವುದನ್ನು ಕಾಗದದ ಮೇಲೆ ಕೇಳಿ. ಲೆಕ್ಚರರಾ, ಅತಿಥಿ ಉಪನ್ಯಾಸಕರಾ, ಲ್ಯಾಬ್ ಇನ್‌ಸ್ಟ್ರಕ್ಟರಾ? ಬಾಯಲ್ಲಿ 'ಬನ್ನಿ ಸಾರ್, ಎಲ್ಲ ಸರಿ ಮಾಡೋಣ' ಅಂದು, ತಪಾಸಣೆಯವರು ಬರುವ ದಿನ ಮಾತ್ರ ನಿಮ್ಮನ್ನು ಲ್ಯಾಬಿನ ಮೂಲೆಗೆ ಕಳಿಸುವ ಜಾಗಗಳನ್ನು ನಾನು ನೋಡಿದ್ದೇನೆ.

ಯುಜಿಸಿ 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಬಗ್ಗೆಯೂ ಯಾರಾದರೂ ಹೇಳಬಹುದು. ಕನಿಷ್ಠ 15 ವರ್ಷ ಅನುಭವ ಇದ್ದರೆ ಡಿಗ್ರಿ ಕಡ್ಡಾಯವಲ್ಲ. ಕೇಳಲು ಚೆಂದ. ಆದರೆ ಅದು ಡಿಗ್ರಿ ಕಾಲೇಜು, ವಿಶ್ವವಿದ್ಯಾಲಯಗಳ ಮಾತು, ಹಿರಿಯ ಹುದ್ದೆಯಲ್ಲಿ ಇದ್ದವರಿಗೆ ಆದ್ಯತೆ. ಮಂಜೂರಾದ ಹುದ್ದೆಗಳ 10 ಪರ್ಸೆಂಟ್ ಮೀರುವಂತಿಲ್ಲ. ಮೂರು ವರ್ಷ, ತೀರಾ ಬೇಕಾದರೆ ಇನ್ನೊಂದು ವರ್ಷ, ಅಲ್ಲಿಗೆ ಮುಗಿಯಿತು. 46ರಲ್ಲಿ ಅದನ್ನು ನಂಬಿ ಕೆಲಸ ಬಿಟ್ಟರೆ 50ಕ್ಕೆ ಮತ್ತೆ ಬಯೋಡೇಟಾ ಹಿಡಿಯಬೇಕು.

ನಿಮ್ಮಂಥವರ ಕೈಗೆ ನೇರವಾಗಿ ಬೆಲೆ ಕೊಡುವ ಬಾಗಿಲು ಐಟಿಐ. ಅಲ್ಲಿ ಡಿಗ್ರಿಯ ಜೊತೆ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಜೊತೆಗೆ ಬೋಧಕರಿಗೆ ಅಂತಲೇ ಇರುವ ಸಿಐಟಿಎಸ್ ತರಬೇತಿ ಬೇಕು, ಒಂದು ವರ್ಷದ್ದು. ಎಷ್ಟೋ ಜನ ಐಟಿಐ ಅಂದರೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಥರದ ಜಾಗ ಇನ್ನೊಂದು ಒಳ್ಳೆಯ ದಾರಿ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಪಾಠವೂ ನಡೆಯುತ್ತೆ, ಹೊರಗಿನ ನಿಜವಾದ ಜಾಬ್‌ಗಳೂ ನಡೆಯುತ್ತವೆ. ಹುಡುಗ ತಪ್ಪು ಮಾಡಿದರೆ ಮಾರ್ಕ್ಸ್ ಮಾತ್ರ ಹೋಗಲ್ಲ, ಉಕ್ಕೂ ಹೋಗುತ್ತೆ. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈಗ ನೇರವಾಗಿ ನಿಮ್ಮ ವಿಷಯ. ಈ ವರ್ಷ ಕೆಲಸ ಬಿಡಬೇಡಿ. ಖಾಸಗಿ ಪಾಲಿಟೆಕ್ನಿಕ್ ಸಂಬಳ ನಿಮ್ಮ ಇನ್‌ಚಾರ್ಜ್ ಸಂಬಳಕ್ಕಿಂತ ಕಮ್ಮಿಯೇ ಇರುತ್ತೆ, ಅತಿಥಿ ಅಂದರೆ ರಜೆಯ ತಿಂಗಳಲ್ಲಿ ಅದೂ ಇರಲ್ಲ. ಮನೆಯವರಿಗೆ ಇದನ್ನು ಅಂಕಿ ಹಾಕಿ ತೋರಿಸಿ. ನೈಟ್ ಶಿಫ್ಟ್ ತಪ್ಪುವುದು ನಿಜವಾದ ಲಾಭ, ಅದನ್ನು ಕಮ್ಮಿ ಅನ್ನುತ್ತಿಲ್ಲ. ಶನಿವಾರ ಒಂದು ದಿನ, ಒಂದು ಸಬ್ಜೆಕ್ಟ್, ಒಂದು ಸೆಮಿಸ್ಟರ್ ಪಾಠಕ್ಕೆ ಬರುತ್ತೇನೆ ಅಂತ ಕಾಲೇಜಿನವರಿಗೆ ಹೇಳಿ. ಒಪ್ಪದಿದ್ದರೆ ಅವರಿಗೆ ಬೇಕಿರುವುದು ನಿಮ್ಮ ಅನುಭವ ಅಲ್ಲ, ಹಾಜರಿ ಪುಸ್ತಕದಲ್ಲಿ ಒಂದು ಹೆಸರು. ಇದರಲ್ಲೂ ಕಷ್ಟ ಇದೆ. ವಾರದಲ್ಲಿ ಸಿಗುವ ಒಂದು ರಜೆಯೂ ಹೋಗುತ್ತೆ. ತಯಾರಿಗೆ ರಾತ್ರಿ ಕೂರಬೇಕು, ಒಂದು ಗಂಟೆ ಪಾಠಕ್ಕೆ ಮೂರು ಗಂಟೆ ಓದು. ನನಗೆ ಮೊದಲ ವರ್ಷ ನಾಲ್ಕು ಬೇಕಾಗುತ್ತಿತ್ತು.

ಮಾಲೀಕರಿಗೂ ಒಂದು ಮಾತು ಹೇಳಿ ನೋಡಿ. ವೈರ್‌ಕಟ್ ಮೆಷಿನ್‌ಗೆ ದುಡ್ಡು ಹಾಕಿದವರು ಹುಡುಗರ ಮೇಲೂ ಸ್ವಲ್ಪ ಹಾಕಬೇಕು. ದಿನಕ್ಕೆ ಒಂದು ಗಂಟೆ, ಟೂಲ್ ರೂಮಿನ ಒಂದು ಬೆಂಚು, ಐದಾರು ಅಪ್ರೆಂಟಿಸ್‌ಗಳು. ನಿಮಗೆ ಪಾಠ ಮಾಡುವ ಕೈ ಪಳಗುತ್ತೆ, ಮಾಲೀಕರಿಗೆ ರಿಜೆಕ್ಷನ್ ಇಳಿಯುತ್ತೆ. ಕಲಿತ ಹುಡುಗ ಪಕ್ಕದ ಶೆಡ್ಡಿಗೆ ಹೋಗುತ್ತಾನೆ ಅಂತ ಅವರು ಗೊಣಗುತ್ತಾರೆ, ಬರೆದಿಟ್ಟುಕೊಳ್ಳಿ. ಹೋಗುತ್ತಾನೆ, ನಿಜ. ಮೂವರಲ್ಲಿ ಒಬ್ಬನಾದರೂ ಉಳಿಯುತ್ತಾನೆ.

ಒಂದು ಕಾಲು ಶಾಪ್ ಫ್ಲೋರಿನಲ್ಲೇ ಇರಲಿ ಅಂತ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಅನುಭವ ಹಳಸುತ್ತೆ. ನಾನು ಬಿಟ್ಟು ನಾಲ್ಕೈದು ವರ್ಷಕ್ಕೆ ಸರ್ವೋ ಪ್ರೆಸ್ ಅನ್ನುವ ಹೊಸ ಥರದ ಪ್ರೆಸ್ ಬಗ್ಗೆ ಹುಡುಗರು ಕೇಳಿದರೆ ಬ್ರೋಶರ್ ಓದಿ ಉತ್ತರ ಹೇಳುವ ಸ್ಥಿತಿಗೆ ಬಂದಿದ್ದೆ. ಆಮೇಲೆ ಪ್ರತಿ ಬೇಸಿಗೆ ರಜೆಯಲ್ಲಿ ಗೆಳೆಯನ ಶೆಡ್ಡಿನಲ್ಲಿ ಸಂಬಳ ಇಲ್ಲದೆ ಒಂದು ತಿಂಗಳು ನಿಲ್ಲುವುದು ರೂಢಿ ಮಾಡಿಕೊಂಡೆ. ಗೆಳೆಯ ಟೀ ಕೊಡಿಸುತ್ತಿದ್ದ, ಜೊತೆಗೆ ರಿಜೆಕ್ಟ್ ಪೀಸ್.

ಎರಡು ಸೆಮಿಸ್ಟರ್ ಆದ ಮೇಲೂ ಶನಿವಾರಕ್ಕಾಗಿ ಕಾಯುವ ಹಾಗಾದರೆ ಎಂ.ಟೆಕ್‌ಗೆ ಅರ್ಜಿ ಹಾಕಿ. ಆಗ 50ಕ್ಕೆ ಮೊದಲು ಸರಿಯಾದ ಹುದ್ದೆಯಲ್ಲೇ ಕೂರಬಹುದು. ಶನಿವಾರ ಬಂದರೆ ತಲೆನೋವು ಅನ್ನಿಸಿದರೆ ನಷ್ಟವೇನೂ ಇಲ್ಲ, ಸೋಮವಾರ ಟೂಲ್ ರೂಮ್ ಇದ್ದೇ ಇದೆ.

ಒಪ್ಪಿಕೊಳ್ಳುವ ಮೊದಲು ಆ ಪಾಲಿಟೆಕ್ನಿಕ್‌ಗೆ ಹೇಳದೆ ಒಮ್ಮೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಲೇತ್ ಬೆಡ್ ಮೇಲೆ ಬೆರಳು ಎಳೆಯಿರಿ. ಎಣ್ಣೆ ಅಂಟಿದರೆ ಒಳ್ಳೆಯದು, ಧೂಳು ಅಂಟಿದರೆ ಮೆಷಿನ್ ನಡೆದು ಎಷ್ಟು ದಿನ ಆಯಿತು ಅಂತ ಅಟೆಂಡರನ್ನು ಕೇಳಿ, ಪ್ರಿನ್ಸಿಪಾಲರನ್ನಲ್ಲ. ಡೆಮೊ ಕ್ಲಾಸಿಗೆ ಕರೆದರೆ ಒಂದೇ ಕಡೆ ಬರ್ ಎದ್ದ ಪೀಸ್ ಹತ್ತು ಇಟ್ಟುಕೊಂಡು ಹೋಗಿ. ಭೂತಗನ್ನಡಿ ಮಾತ್ರ ನಿಮ್ಮದೇ ಇರಲಿ, ಕಾಲೇಜಿನದು ಬೀರುವಿನಲ್ಲಿರುತ್ತೆ, ಬೀರುವಿನ ಬೀಗದ ಕೈ ಅವತ್ತು ರಜೆಯಲ್ಲಿರುವವರ ಹತ್ತಿರ ಇರುತ್ತೆ.